ಹುಳಿ ಉಂಟು, ಒಗರು ಕಮ್ಮಿ: ಬಾರ್ಬೇರಾ ಮತ್ತು ಅದರ ಊಟ

1/8

ಹುಣಸೆಹಣ್ಣಿನ ಹುಳಿಯೂ ದ್ರಾಕ್ಷಿಯ ಹುಳಿಯೂ ಒಂದೇ ಅಂದ್ರೆ ನಂಬ್ತೀರಾ? ನಿಂಬೆಯಲ್ಲಿ ಇರೋದು ಸಿಟ್ರಿಕ್ ಆಮ್ಲ, ಸೇಬಿನಲ್ಲಿ ಮಾಲಿಕ್ ಆಮ್ಲ. ಆದರೆ ಹುಣಸೆ ಮತ್ತು ದ್ರಾಕ್ಷಿ ಎರಡರಲ್ಲೂ ಮುಖ್ಯವಾಗಿ ಇರೋದು ಟಾರ್ಟಾರಿಕ್ ಆಮ್ಲ. ಅಂದ್ರೆ ನಮ್ಮಜ್ಜಿ ಸಾರಿಗೆ ಕಿವುಚಿ ಹಾಕ್ತಿದ್ದ ಹುಳಿಯನ್ನೇ ನಾನೀಗ 7,000 ಕಿಲೋಮೀಟರ್ ದೂರದಲ್ಲಿ ಗ್ಲಾಸಿನಲ್ಲಿ ನೋಡ್ತಾ ಇದೀನಿ.

ಇವತ್ತಿನ ಸರಣಿ ಬಾರ್ಬೇರಾ ಬಗ್ಗೆ. ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆಯ ಕೆಂಪು ದ್ರಾಕ್ಷಿ ಇದು. ಆ ಪ್ರಾಂತ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗದಲ್ಲಿ ಬೆಳೆಯೋ ಕೆಂಪು ತಳಿ. ಬಾಟಲಿ ಮೇಲೆ 'ಬಾರ್ಬೇರಾ ದಾಸ್ತಿ' ಅಂತ ಇದ್ದರೆ ಆಸ್ತಿ ಊರಿನ ಸುತ್ತಲ ಗುಡ್ಡಗಳಿಂದ ಬಂದದ್ದು ಅಂತ ಅರ್ಥ. ಹೌದು, ಊರಿನ ಹೆಸರು ಆಸ್ತಿ. ಹೊಲ-ಮನೆ-ಆಸ್ತಿ ಅಂತೀವಲ್ಲ, ಹಂಗೇ ಹೇಳಬೇಕು. ಡಿಗ್ರಿ ಗ್ರೂಪಿನಲ್ಲಿ ಇದನ್ನ ಹಾಕಿದಾಗ ಮೂರು ದಿನ ಬರೀ 'ನಿನ್ನ ಆಸ್ತಿ ಹೆಂಗಿದೆ' ಅನ್ನೋ ಜೋಕೇ ನಡೀತು.

ನಾನು ಓದೋದು ಟೂರಿನ್‌ನಲ್ಲಿ. ವೀಕೆಂಡ್‌ನಲ್ಲಿ ಆಸ್ತಿ ಕಡೆಯ ಒಂದು ಸಣ್ಣ ಊಟದ ಮನೆಯಲ್ಲಿ ಕೆಲಸ. ಸ್ಟೂಡೆಂಟ್ ಪರ್ಮಿಟ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ತಟ್ಟೆ ಎತ್ತೋದು, ಟೇಬಲ್ ಒರೆಸೋದು, ಯಾವ ಊಟಕ್ಕೆ ಯಾವ ವೈನ್ ಅಂತ ಕೇಳಿದವರಿಗೆ ಹೇಳೋದು. ಈ ಕೊನೇ ಕೆಲಸಕ್ಕಾಗಿ ಕಲಿತದ್ದನ್ನೇ ಇಲ್ಲಿ ಬರೀತಾ ಇದೀನಿ.

ಮೊದಲೇ ಹೇಳಿಬಿಡ್ತೀನಿ: ಇದು 'ಕುಡೀರಿ' ಅನ್ನೋ ಪೋಸ್ಟ್ ಅಲ್ಲ. ಯಾಕೆ ಅನ್ನೋದು 5ನೇ ಭಾಗದಲ್ಲಿದೆ. ಅಲ್ಲಿ ತನಕ ಬನ್ನಿ.

2/8

ವೈನ್ ಬಗ್ಗೆ ಓದೋಕೆ ಶುರು ಮಾಡಿದರೆ ಎರಡನೇ ಪುಟದಲ್ಲೇ 'ಟ್ಯಾನಿನ್' ಅನ್ನೋ ಪದ ಬರುತ್ತೆ. ಕ್ಲಾಸಿನಲ್ಲಿ ಬೇರೆ ದೇಶದ ಹುಡುಗರು ಇದನ್ನ ಹೆಂಗೆ ವಿವರಿಸೋದು ಅಂತ ಒದ್ದಾಡ್ತಿದ್ರು. ಬಾಯಿ ಒಣಗಿದ ಹಂಗೆ, ನಾಲಿಗೆ ಮೇಲೆ ಬಟ್ಟೆ ಒರೆಸಿದ ಹಂಗೆ ಅಂತೆಲ್ಲ. ನನಗೆ ಒಂದೇ ಪದ ಸಾಕಾಯ್ತು. ಒಗರು.

ನಮ್ಮದು ಕೊಪ್ಪ ಕಡೆ, ಅಡಿಕೆ ತೋಟದ ಮನೆ. ಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಅಡಿಕೆಯನ್ನ ಹಂಡೆಯಲ್ಲಿ ಬೇಯಿಸ್ತಾರೆ. ಬೆಂದ ಮೇಲೆ ಉಳಿಯೋ ಕಡುಗೆಂಪು ನೀರೇ ಚೊಗರು. ಅದನ್ನ ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟವರಿಗೆ ಟ್ಯಾನಿನ್ ಪಾಠ ಬೇಕಿಲ್ಲ. ಅಡಿಕೆಯ ಒಗರು, ನೇರಳೆ ಹಣ್ಣಿನ ಒಗರು, ಕಪ್ಪು ಚಹಾ ಜಾಸ್ತಿ ಕುದಿಸಿದಾಗಿನ ಒಗರು, ಎಲ್ಲ ಒಂದೇ ಕುಲ. ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತೆ. ಎಂಜಲಿನ ಜಾರಿಕೆ ಹೋಗುತ್ತೆ. ಅದಕ್ಕೇ ಬಾಯಿ ಒಣಗಿದ ಹಂಗೆ ಅನ್ಸೋದು.

ಕೆಂಪು ವೈನಿಗೆ ಈ ಒಗರು ಬರೋದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ. ಪಿಯೆಮೊಂಟೆಯ ಇನ್ನೊಂದು ತಳಿ ನೆಬ್ಬಿಯೋಲೊ. ಹೆಸರುವಾಸಿ ಬರೋಲೊ, ಬಾರ್ಬರೆಸ್ಕೊ ವೈನುಗಳು ಇದರವೇ. ಇದರಲ್ಲಿ ಹುಳಿಯೂ ಜೋರು, ಒಗರೂ ಜೋರು. ಹಾಗಾಗಿ ವರ್ಷಗಟ್ಟಲೆ ಇಟ್ಟು ಕುಡೀತಾರೆ. ದೊಲ್ಚೆತ್ತೊ ಅಂತ ಮತ್ತೊಂದಿದೆ, ಹುಳಿ ಕಡಿಮೆ, ಒಗರು ಸ್ವಲ್ಪ. ಬಾರ್ಬೇರಾ ಈ ಮನೆಯ ವಿಚಿತ್ರ ಮಗಳು. ಬಣ್ಣ ಗಾಢ, ಹುಳಿ ಜೋರು, ಒಗರು ಮಾತ್ರ ಕಮ್ಮಿ.

ಊಟದ ವಿಷಯದಲ್ಲಿ ಮುಂದೆ ಹೇಳೋದೆಲ್ಲ ಈ ಒಂದು ವಾಕ್ಯದ ಮೇಲೇ ನಿಂತಿದೆ. ಸೇವ್ ಮಾಡ್ಕೊಳ್ಳಿ.

3/8

ಬಾರ್ಬೇರಾ ಯಾರ ವೈನ್?

ಬೆಟ್ಟದ ಒಳ್ಳೊಳ್ಳೆ ಬಿಸಿಲಿನ ಇಳಿಜಾರುಗಳು ನೆಬ್ಬಿಯೋಲೊಗೆ ಹೋದವು. ಮಿಕ್ಕ ಜಾಗದಲ್ಲಿ ಬಾರ್ಬೇರಾ. ಚೆನ್ನಾಗಿ ಫಲ ಕೊಡೋ ಬಳ್ಳಿ, ಬೇಗ ಕುಡಿಯೋಕೆ ಸಿದ್ಧ ಆಗೋ ವೈನ್. ಹಾಗಾಗಿ ಇದು ರೈತರ, ಕೂಲಿಯವರ ಮಧ್ಯಾಹ್ನದ ಊಟದ ವೈನ್ ಆಯ್ತು. ಎರಡನೇ ಮಹಾಯುದ್ಧದ ನಂತರ ಈ ಗುಡ್ಡಗಳ ಎಷ್ಟೋ ಹುಡುಗರು ತೋಟ ಬಿಟ್ಟು ಟೂರಿನ್‌ನ ಫಿಯಟ್ ಕಾರ್ಖಾನೆಗೆ ಹೋದರು. (ಬೆಂಗಳೂರಿಗೆ ಹೋದ ನಮ್ಮೂರ ಹುಡುಗರ ಕಥೆ ಥರಾನೇ ಕೇಳಿಸುತ್ತೆ.) ಊರಿಗೆ ಬಂದಾಗ ಡಬ್ಬದಲ್ಲಿ ತುಂಬಿಸಿಕೊಂಡು ಹೋಗ್ತಿದ್ದದ್ದು ಮನೆಯ ಬಾರ್ಬೇರಾ.

ಇಟಾಲಿಯನ್ ಭಾಷೆಯಲ್ಲಿ ವೈನ್ ಅನ್ನೋ ಪದ ಪುಲ್ಲಿಂಗ. ಆದರೂ ಇಲ್ಲಿನ ಹಳಬರು 'ಲಾ ಬಾರ್ಬೇರಾ' ಅಂತಾನೇ ಅಂತಾರೆ, ಸ್ತ್ರೀಲಿಂಗ. ನಾನು ಕೆಲಸ ಮಾಡೋ ಕಡೆಯ ಯಜಮಾನಿತಿಗೆ ಈ ವಿಷಯದಲ್ಲಿ ತಮಾಷೆ ನಡೆಯಲ್ಲ. 'ಅವನು' ಅಂತ ಹೇಳಿದರೆ ಗ್ಲಾಸ್ ವಾಪಸ್ ತಗೋತಾರೆ.

ಹಿಂದೆ ಇದರ ಹುಳಿ ಇನ್ನೂ ಚೂಪಾಗಿತ್ತು. ದ್ರಾಕ್ಷಿಯಲ್ಲಿರೋ ಮಾಲಿಕ್ ಆಮ್ಲವನ್ನ ಕೆಲವು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸ್ತವೆ. ಮಾವಿನಕಾಯಿ ಥರ ಹಲ್ಲು ಚುಳ್ ಅನ್ಸೋ ಹುಳಿ ಮೊಸರಿನ ಥರ ಮೆತ್ತನೆ ಹುಳಿ ಆಗುತ್ತೆ ಅಂತ ಇಟ್ಕೊಳ್ಳಿ. ಇದನ್ನ ಹತೋಟಿಯಲ್ಲಿ ಮಾಡೋಕೆ ಕಲಿತ ಮೇಲೆ ಬಾರ್ಬೇರಾದ ಸ್ವಭಾವವೇ ಬದಲಾಯ್ತು. ರೊಕ್ಕೆತ್ತಾ ತಾನಾರೊ ಅನ್ನೋ ಹಳ್ಳಿಯ ಜಾಕೊಮೊ ಬೊಲೊನ್ಯಾ ಒಂದು ಹೆಜ್ಜೆ ಮುಂದೆ ಹೋಗಿ, 1982ರ ಫಸಲನ್ನ ಸಣ್ಣ ಓಕ್ ಪೀಪಾಯಿಗಳಲ್ಲಿ ಇಟ್ಟರು. ಆ ವೈನಿನ ಹೆಸರು ಬ್ರಿಕ್ಕೊ ದೆಲ್ಲುಚ್ಚೆಲ್ಲೋನೆ. ಕೂಲಿಯವರ ವೈನ್ ದೊಡ್ಡ ಹೋಟೆಲುಗಳ ಪಟ್ಟಿಗೆ ಏರಿತು.

ಆದರೆ ಅಷ್ಟರಲ್ಲೇ 1986 ಬಂತು.

4/8

ಈ ಭಾಗದಲ್ಲಿ ಫೋಟೋ ಹಾಕಿಲ್ಲ. ಕಪ್ಪು ಸ್ಲೈಡ್ ಬೇಕಂತಲೇ ಇಟ್ಟಿದ್ದು.

1986ರ ಮಾರ್ಚ್‌ನಲ್ಲಿ ಉತ್ತರ ಇಟಲಿಯಲ್ಲಿ ಅಗ್ಗದ ವೈನ್ ಕುಡಿದ ಜನ ಆಸ್ಪತ್ರೆ ಸೇರತೊಡಗಿದರು. 20ಕ್ಕೂ ಹೆಚ್ಚು ಮಂದಿ ಸತ್ತರು. ಇನ್ನೂ ಕೆಲವರು ಕಣ್ಣು ಕಳೆದುಕೊಂಡರು. ಆ ವೈನಿಗೆ ಮೆಥನಾಲ್ ಬೆರೆಸಿದ್ದರು. ತೆಳು ವೈನಿನ ಆಲ್ಕೊಹಾಲ್ ಪ್ರಮಾಣವನ್ನ ಕಡಿಮೆ ಖರ್ಚಲ್ಲಿ ಏರಿಸೋಕೆ. ಬಾಟಲಿಗಳ ಮೇಲೆ ಇದ್ದ ಹೆಸರುಗಳಲ್ಲಿ ಬಾರ್ಬೇರಾ ಕೂಡ ಒಂದು.

ಮೆಥನಾಲ್ ಕುಡಿದರೆ ಲಿವರ್ ಅದನ್ನ ಫಾರ್ಮಿಕ್ ಆಮ್ಲವಾಗಿ ಮಾಡುತ್ತೆ. ಇರುವೆ ಕಚ್ಚಿದಾಗ ಉರಿಯೋದು ಅದೇ ಆಮ್ಲದಿಂದ. ಅದು ಮೊದಲು ಕಣ್ಣಿನ ನರಕ್ಕೆ ಹೊಡೆಯುತ್ತೆ. ಕುಡಿದ ತಕ್ಷಣ ಏನೂ ಗೊತ್ತಾಗಲ್ಲ, ಗಂಟೆಗಟ್ಟಲೆ ಆದ ಮೇಲೆ ಮಂಜು ಕವಿದ ಹಾಗೆ ಕಾಣತೊಡಗುತ್ತೆ.

ನಮ್ಮ ಯಜಮಾನಿತಿ ಆಗ ಹದಿಹರೆಯದ ಹುಡುಗಿ. ಅವರ ಅಪ್ಪ ಸ್ವಂತ ದ್ರಾಕ್ಷಿಯಿಂದ ಮಾಡಿದ ವೈನನ್ನೂ ಆ ವರ್ಷ ಯಾರೂ ಕೊಳ್ಳಲಿಲ್ಲವಂತೆ. ಊರ ಹೆಸರು ಕೇಳಿದರೆ ಸಾಕು, ಬಾಟಲಿ ವಾಪಸ್. ಅವರು ಇದನ್ನ ಹೇಳಿದ್ದು ಒಂದೇ ಸಲ, ಗ್ಲಾಸ್ ಒರೆಸ್ತಾ, ನನ್ನ ಮುಖ ನೋಡದೆ.

ಅವರಿಗೆ ನಾನು ಬೆಂಗಳೂರಿನ ಕಥೆ ಹೇಳಿದೆ. 1981ರ ಜುಲೈನಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದೇ ಮೆಥನಾಲ್. ಸತ್ತವರಲ್ಲಿ ಹೆಚ್ಚಿನವರು ಬಡವರು. ಎರಡೂ ಕಡೆ ಲೆಕ್ಕಾಚಾರ ಒಂದೇ: ಕುಡಿಯೋನ ಹತ್ರ ದುಡ್ಡು ಕಮ್ಮಿ, ಮಾರೋನಿಗೆ ಲಾಭ ಜಾಸ್ತಿ ಬೇಕು.

ಆ ಆಘಾತದ ನಂತರ ಇಲ್ಲಿನವರು ತಪಾಸಣೆ ಬಿಗಿ ಮಾಡಿದರು, ಇಳುವರಿ ಇಳಿಸಿ ಗುಣಮಟ್ಟ ಏರಿಸಿದರು. ಬಾರ್ಬೇರಾ ದಾಸ್ತಿಗೆ 2008ರಲ್ಲಿ ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಸಿಕ್ಕಿತು. 2014ರಲ್ಲಿ ನಿತ್ಸಾ ಅನ್ನೋ ಊರಿನ ಸುತ್ತಲ ಬಾರ್ಬೇರಾಗೆ ಪ್ರತ್ಯೇಕ ಡಿಒಸಿಜಿ. ಅದೇ ವರ್ಷ ಈ ದ್ರಾಕ್ಷಿ ಗುಡ್ಡಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಬಾಟಲಿ ಕುತ್ತಿಗೆಗೆ ಅಂಟಿಸಿರೋ ನಂಬರ್ ಇರೋ ಪಟ್ಟಿಯನ್ನ ನೀವು ಗಮನಿಸಿರಬಹುದು. ನನಗೆ ಅದು ಅಲಂಕಾರ ಅನ್ಸಲ್ಲ.

5/8

ನಮ್ಮಮ್ಮ ಈ ಸರಣಿ ಓದಿದರು. ಅವರಿಗೆ ಅಕೌಂಟ್ ಇಲ್ಲ, ಯಾರೋ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ರಾತ್ರಿ ಫೋನ್ ಬಂತು.

'ಎಂತಕ್ಕೆ ಬರಿತಿಯೇ ಅದನ್ನೆಲ್ಲ? ನಿನ್ನ ಮಾವನ್ನ ಮರೆತ್ಯಾ?'

ಮರೆತಿಲ್ಲ. ಅಮ್ಮನ ತಮ್ಮ. 2006ರಲ್ಲಿ ತೀರಿಕೊಂಡಾಗ ನನಗೆ 6 ವರ್ಷ. ಪ್ಯಾಕೆಟ್ ಸಾರಾಯಿ. ಮರುವರ್ಷ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಅಮ್ಮ ಇವತ್ತಿಗೂ ಆ ಎರಡು ಇಸವಿಗಳನ್ನ ಒಟ್ಟಿಗೇ ಹೇಳ್ತಾರೆ, ಮಧ್ಯೆ ಉಸಿರು ಬಿಡದೆ. ಮಾವ ನನಗೆ ಅಡಿಕೆ ಹಾಳೆ ಮೇಲೆ ಕೂರಿಸಿಕೊಂಡು ಅಂಗಳ ತುಂಬ ಎಳೀತಿದ್ದ. ಕೊನೆಯ ವರ್ಷ ಅವನ ಕಣ್ಣು ಹಳದಿ ಆಗಿತ್ತು, ಅದೂ ನೆನಪಿದೆ.

ನಮ್ಮ ಮನೆಯಲ್ಲಿ ಆಮೇಲೆ ಯಾವ ಪದವೂ ಇರಲಿಲ್ಲ. 'ಕುಡಿತ' ಅನ್ನೋ ಒಂದೇ ಪದದಲ್ಲಿ ಎಲ್ಲ ಮುಗೀತು.

ಹಾಗಾಗಿ ಇಲ್ಲಿ ಸುಂದರ ಸುಳ್ಳು ಬರೆಯೋಕೆ ನನಗೆ ಆಗಲ್ಲ. 'ದಿನಕ್ಕೊಂದು ಗ್ಲಾಸ್ ಕೆಂಪು ವೈನ್ ಹೃದಯಕ್ಕೆ ಒಳ್ಳೇದು' ಅನ್ನೋ ರೀಲ್ಸ್ ನಂಬಬೇಡಿ. ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. 125 ಮಿಲಿಯ ಒಂದು ಗ್ಲಾಸ್, 14% ಬಾರ್ಬೇರಾ ಅಂದ್ರೆ ಸುಮಾರು 14 ಗ್ರಾಂ ಶುದ್ಧ ಆಲ್ಕೊಹಾಲ್. ಊಟದ ಜೊತೆ ಕುಡಿದರೂ ಆ ಲೆಕ್ಕ ಬದಲಾಗಲ್ಲ. ಇಟಲಿಯಲ್ಲೂ ಕುಡಿತದಿಂದ ಹಾಳಾದ ಮನೆಗಳಿವೆ.

ನಾನು ರುಚಿ ನೋಡಿ ಉಗುಳ್ತೀನಿ. ಅದಕ್ಕೆ ಅಂತಾನೇ ಪಾತ್ರೆ ಇರುತ್ತೆ, ಈ ವೃತ್ತಿಯಲ್ಲಿ ಎಲ್ಲರೂ ಹಾಗೇ ಮಾಡೋದು. ಅಮ್ಮನಿಗೂ ಇದನ್ನೇ ಹೇಳಿದೆ. 'ಉಗುಳೋಕೆ ಅಷ್ಟು ದೂರ ಹೋಗಬೇಕಿತ್ತಾ' ಅಂದರು. ಆದರೂ ಫೋನ್ ಇಡಲಿಲ್ಲ. ನಂಗೆ ಅದೇ ದೊಡ್ಡದು.

ಹಾಗಾದರೆ ಯಾಕೆ ಬರೀತೀನಿ? ಮಾವ ಕುಡಿದದ್ದರಲ್ಲಿ ರುಚಿ ಇರಲಿಲ್ಲ, ಅನ್ನ ಇರಲಿಲ್ಲ, ಜೊತೆಗೆ ಕೂತವರು ಇರಲಿಲ್ಲ. ಇಲ್ಲಿ ಬಾಟಲಿ ಬರೋಕೆ ಮುಂಚೆ ಬ್ರೆಡ್ ಬರುತ್ತೆ. ಈ ವ್ಯತ್ಯಾಸ ಯಾರನ್ನೂ ವಾಪಸ್ ತರಲ್ಲ. ಆದರೆ ಅದು ಏನು ಅಂತ ನೋಡೋ ಹಕ್ಕು, ಕಳಕೊಂಡವರ ಮನೆಯಿಂದ ಬಂದ ನನಗೂ ಇದೆ ಅಂದ್ಕೊಂಡಿದೀನಿ.

6/8

ಈಗ ಊಟ.

ನಿಯಮ ಒಂದೇ: ಹುಳಿ ಜಿಡ್ಡನ್ನ ಕತ್ತರಿಸುತ್ತೆ. ಹುಳಿ ಬಿದ್ದಾಗ ಬಾಯಲ್ಲಿ ನೀರೂರುತ್ತೆ, ಎಣ್ಣೆ-ಕೊಬ್ಬಿನ ಪದರ ಹೋಗುತ್ತೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನ ಹಂಗೆ ಅನ್ಸುತ್ತೆ. ಬೋಂಡದ ಜೊತೆ ಹುಣಸೆ ಚಟ್ನಿ ಯಾಕೆ ಬೇಕು ಹೇಳಿ? ಅದೇ ಕೆಲಸ.

ಬಾನ್ಯಾ ಕಾವುದಾ: ಪಿಯೆಮೊಂಟೆ ಭಾಷೆಯಲ್ಲಿ 'ಬಿಸಿ ಗೊಜ್ಜು' ಅನ್ನಬಹುದು. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಉಪ್ಪು ಹಾಕಿಟ್ಟ ಆಂಚೊವಿ ಅನ್ನೋ ಸಣ್ಣ ಮೀನು, ಮೂರನ್ನೂ ಸಣ್ಣ ಉರಿಯಲ್ಲಿ ಕರಗೋ ತನಕ ಇಡ್ತಾರೆ. ಮಧ್ಯೆ ಮಣ್ಣಿನ ಪಾತ್ರೆ, ಕೆಳಗೆ ದೀಪ, ಸುತ್ತ ತರಕಾರಿ. ದಪ್ಪ ಮೆಣಸಿನಕಾಯಿ, ಕೋಸು, ಮತ್ತೆ ನಿತ್ಸಾದ 'ಗೂನು ಕಾರ್ದೊ' ಅನ್ನೋ ದಂಟು. ಆ ಗಿಡವನ್ನ ಬಗ್ಗಿಸಿ ಮಣ್ಣಲ್ಲಿ ಮುಚ್ತಾರೆ. ಬಿಸಿಲು ಸಿಗದೆ ದಂಟು ಬೆಳ್ಳಗಾಗಿ, ಎಳಸಾಗಿ, ಗೂನಾಗುತ್ತೆ. ಸಮುದ್ರವೇ ಇಲ್ಲದ ಪ್ರಾಂತ್ಯಕ್ಕೆ ಮೀನು ಹೆಂಗೆ ಬಂತು ಅಂದ್ರೆ, ಪಕ್ಕದ ಲಿಗೂರಿಯಾ ಕರಾವಳಿಯಿಂದ ಉಪ್ಪು ಸಾಗಿಸೋ ದಾರಿಯಲ್ಲಿ. ಉಪ್ಪು, ಎಣ್ಣೆ, ಬೆಳ್ಳುಳ್ಳಿ ಮೂರೂ ಜೋರು. ಒಗರಿನ ವೈನ್ ಇಟ್ಟರೆ ಬಾಯಿ ಕಹಿಯಾಗುತ್ತೆ. ಬಾರ್ಬೇರಾ ಸರಿಯಾಗಿ ನಿಲ್ಲುತ್ತೆ.

ಆನ್ಯೊಲೊತ್ತಿ ದೆಲ್ ಪ್ಲಿನ್: 'ಪ್ಲಿನ್' ಅಂದ್ರೆ ಚಿವುಟು. ಹುರಿದು ಬೇಯಿಸಿದ ಮಾಂಸವನ್ನ ಅರೆದು, ಹಿಟ್ಟಿನ ಪುಟ್ಟ ಜೇಬಲ್ಲಿ ತುಂಬಿ ಚಿವುಟಿ ಮುಚ್ಚೋದು. ನಮ್ಮ ಕರ್ಜಿಕಾಯಿ ಅಂಚು ಚಿವುಟೋ ಕೈ ಇದ್ದರೆ ಬೇಗ ಬರುತ್ತೆ. ಮೊದಲ ದಿನವೇ ನನ್ನ ಚಿವುಟಿಗೆ ಯಜಮಾನಿತಿ ತಲೆಯಾಡಿಸಿದರು. ಹಳಬರು ಇದನ್ನ ಬಟ್ಟಲಲ್ಲಿ ಹಾಕಿ ಮೇಲೆ ಬಾರ್ಬೇರಾ ಸುರಿದೂ ತಿಂತಾರೆ.

ಬೊಲ್ಲಿತೊ ಮಿಸ್ತೊ: ಬಗೆಬಗೆ ಮಾಂಸವನ್ನ ನಿಧಾನಕ್ಕೆ ನೀರಲ್ಲಿ ಬೇಯಿಸಿ, ಪಕ್ಕದಲ್ಲಿ ಪಾರ್ಸ್ಲಿ, ಬೆಳ್ಳುಳ್ಳಿ, ಆಂಚೊವಿಯ ಹಸಿರು ಚಟ್ನಿ.

ಸಲಾಮೆ, ಬ್ರೆಡ್, ಮತ್ತೆ ಆಸ್ತಿ ಕಡೆಯದ್ದೇ ಆದ ರೊಬಿಯೊಲಾ ದಿ ರೊಕ್ಕವೆರಾನೊ ಅನ್ನೋ ಮೇಕೆ ಹಾಲಿನ ಚೀಸ್. ಕೆಲಸ ಮುಗಿದ ಮೇಲೆ ನಮ್ಮ ಊಟ ಹೆಚ್ಚಾಗಿ ಇದೇ.

7/8

'ಅಕ್ಕಾ, ವೆಜ್?' ಅಂತ ಡಿಎಂ ಮಾಡಿದ ಎಲ್ಲರಿಗೂ.

ಟೊಮೆಟೊ ಸಾಸ್ ಪಾಸ್ತಾ. ಟೊಮೆಟೊ ಹುಳಿ, ಹಾಗಾಗಿ ಹುಳಿ ಕಡಿಮೆ ಇರೋ ವೈನ್ ಅದರ ಮುಂದೆ ಸಪ್ಪೆ ಅನ್ಸುತ್ತೆ. ಬಾರ್ಬೇರಾಗೆ ಆ ಭಯ ಇಲ್ಲ. ಅಣಬೆ ಹಾಕಿದ ತಾಯಾರಿನ್ (ಮೊಟ್ಟೆಯ ಹಳದಿ ತುಂಬ ಹಾಕಿ ಮಾಡೋ ಸಣ್ಣ ಎಳೆಯ ಪಾಸ್ತಾ), ಸುಟ್ಟ ದಪ್ಪ ಮೆಣಸಿನಕಾಯಿ, ಬದನೆಕಾಯಿ, ಚೀಸ್ ಕರಗಿಸಿದ ಪೊಲೆಂಟಾ. ಪೊಲೆಂಟಾ ಅಂದ್ರೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಅಂದ್ಕೊಳ್ಳಿ, ಸ್ವಲ್ಪ ಸಡಿಲ. ಒಂದು ಎಚ್ಚರಿಕೆ: ಇಲ್ಲಿನ ಎಷ್ಟೋ ಸಾಂಪ್ರದಾಯಿಕ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿ ತಗೊಳ್ಳಿ. ಬಾನ್ಯಾ ಕಾವುದಾದಲ್ಲಿ ಮೀನು ಕಣ್ಣಿಗೆ ಕಾಣಲ್ಲ, ಆದರೆ ಇರುತ್ತೆ.

ನಮ್ಮ ಅಡುಗೆ? ರೂಮ್‌ಮೇಟ್ ಧಾರವಾಡದವಳು. ಒಂದು ಭಾನುವಾರ ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಖಾರ ಅರ್ಧ ಹಾಕಿ. ಶೇಂಗಾ-ಎಳ್ಳಿನ ಜಿಡ್ಡಿಗೆ ಬಾರ್ಬೇರಾ ಹುಳಿ ಚೆನ್ನಾಗಿ ಕೂತಿತು. ಮುಂದಿನ ವಾರ ಪೂರ್ತಿ ಖಾರ ಹಾಕಿದಳು. ವೈನ್ ಬರೀ ಬೆಂಕಿ ಆಯ್ತು. ಕಾರಣ ಇದೆ: ಆಲ್ಕೊಹಾಲ್ ಮೆಣಸಿನ ಉರಿಯನ್ನ ಏರಿಸುತ್ತೆ, ಇಳಿಸಲ್ಲ. ಖಾರಕ್ಕೆ ಮಜ್ಜಿಗೆಯೇ ದೊರೆ, ಅದರಲ್ಲಿ ಇಟಲಿಗೆ ಏನೂ ಕೆಲಸ ಇಲ್ಲ.

ಹೋಳಿಗೆ, ಪಾಯಸದ ಜೊತೆ ಬೇಡವೇ ಬೇಡ. ಸಿಹಿ ತಿಂದ ಬಾಯಿಗೆ ಈ ವೈನ್ ಹುಳಿ ನೀರು.

ಇನ್ನೆರಡು ವಿಷಯ. 'ಸುಪೆರಿಯೋರೆ' ಅಂತ ಇದ್ದರೆ ಹೆಚ್ಚು ಕಾಲ, ಮರದ ಪೀಪಾಯಿಯಲ್ಲೂ ಇಟ್ಟದ್ದು, ಭಾರದ ಊಟಕ್ಕೆ. ಅದಿಲ್ಲದ್ದು ದಿನದ ಊಟಕ್ಕೆ. ಕೆಂಪು ವೈನ್ ರೂಮಿನ ಬಿಸಿಯಲ್ಲೇ ಇರಬೇಕು ಅನ್ನೋದು ಚಳಿ ದೇಶದ ಮಾತು. 16 ಡಿಗ್ರಿ ಆಸುಪಾಸು ಸರಿ. ಬೆಂಗಳೂರಿನ ಏಪ್ರಿಲ್ ಆದರೆ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿ ಇಡಲೇಬೇಕು.

8/8

ಸೆಪ್ಟೆಂಬರ್ ಕೊನೆಯಲ್ಲಿ ಕೊಯ್ಲಿಗೆ ಹೋಗಿದ್ದೆ. ಸಾಲು ಸಾಲು ಹಸಿರು ಬಳ್ಳಿಗಳ ನಡುವೆ ಅಲ್ಲಲ್ಲಿ ಒಂದೊಂದು ಬಳ್ಳಿಯ ಎಲೆ ಕೆಂಪಾಗಿ, ಅಂಚು ಸುರುಳಿಯಾಗಿ, ಗೊಂಚಲು ಒಣಗಿ ನಿಂತಿತ್ತು. ಏನು ಅಂತ ಕೇಳಿದೆ. ರೈತ ಹೇಳಿದ ಹೆಸರಿಗೆ 'ಬಂಗಾರದ ಹಳದಿ' ಅನ್ನೋ ಅರ್ಥ. ಬಿಳಿ ದ್ರಾಕ್ಷಿಯಲ್ಲಿ ಎಲೆ ಹಳದಿ ಆಗುತ್ತೆ, ಕೆಂಪು ತಳಿಯಲ್ಲಿ ಕೆಂಪು. ಫೈಟೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ, ಹರಡೋದು ಒಂದು ಜಿಗಿಹುಳ. ಔಷಧಿ ಇಲ್ಲ. ಹುಳಕ್ಕೆ ಸಿಂಪಡಣೆ, ರೋಗ ಬಂದ ಬಳ್ಳಿ ಕಿತ್ತು ಹಾಕೋದು, ಅಷ್ಟೇ. ಬಾರ್ಬೇರಾಗೆ ಇದು ಬೇಗ ತಗಲುತ್ತೆ.

ಕೊಪ್ಪ, ಶೃಂಗೇರಿ ಕಡೆಯವರಿಗೆ ಇಷ್ಟರಲ್ಲೇ ಎದೆ ಧಸಕ್ ಅಂದಿರುತ್ತೆ. ನಮ್ಮ ಅಡಿಕೆಯ ಹಳದಿ ಎಲೆ ರೋಗಕ್ಕೂ ವಿಜ್ಞಾನಿಗಳು ಹೇಳೋದು ಫೈಟೊಪ್ಲಾಸ್ಮಾ ಅಂತಾನೇ. ಅದೂ ಜಿಗಿಹುಳದಿಂದಲೇ. ಅದಕ್ಕೂ ಔಷಧಿ ಇಲ್ಲ. ನಮ್ಮ ತೋಟದ ಕೆಳಗಿನ ಭಾಗ ಹೋಗಿ ವರ್ಷಗಳಾದವು.

ಅಪ್ಪನಿಗೆ ಫೋಟೋ ಕಳಿಸಿದೆ. ಅಪ್ಪ ನನ್ನ ಇಲ್ಲಿನ ಕೆಲಸದ ಬಗ್ಗೆ ಒಂದು ದಿನವೂ ಕೇಳಿದವರಲ್ಲ, ಆ ಮಾತು ಬಂದರೆ ಟಿವಿ ಕಡೆ ತಿರುಗ್ತಾರೆ. ಅವತ್ತು ಅವರೇ ವಿಡಿಯೊ ಕಾಲ್ ಮಾಡಿದರು. 'ಎಲೆ ಹತ್ರ ತೋರ್ಸು. ಬೇರು ನೋಡಿದ್ರಾ? ಕಿತ್ತ ಜಾಗಕ್ಕೆ ಎಂತ ನೆಡ್ತಾರೆ? ಹೊಸ ಬಳ್ಳಿ ಫಸಲಿಗೆ ಎಷ್ಟು ವರ್ಷ?' ಮೂರು ವರ್ಷ ಅಂದೆ. 'ಅಡ್ಡಿಲ್ಲ, ನಮ್ಮದಕ್ಕಿಂತ ಬೇಗ' ಅಂದರು. ರೈತನ ಕಡೆ ಫೋನ್ ತಿರುಗಿಸಿದೆ. ಇಬ್ಬರಿಗೂ ಭಾಷೆ ಬರಲ್ಲ. ಒಬ್ಬರು ಒಣಗಿದ ಗೊಂಚಲು ಹಿಡಿದು ತೋರಿಸಿದರು, ಇನ್ನೊಬ್ಬರು ಅಂಗಳಕ್ಕೆ ನಡೆದು ಸುಳಿ ಹಳದಿಯಾದ ಅಡಿಕೆ ಮರ ತೋರಿಸಿದರು. ಹತ್ತು ನಿಮಿಷ ಹೀಗೇ ನಡೀತು. ನಾನು ಅನುವಾದ ಮಾಡಿದ್ದು ತುಂಬ ಕಡಿಮೆ.

ಈಗ ಅಪ್ಪ ವಾರಕ್ಕೊಮ್ಮೆ ಕೇಳ್ತಾರೆ, 'ಆ ಮನುಷ್ಯನ ತೋಟ ಹೆಂಗುಂಟು?' ವೈನ್ ಅನ್ನೋ ಪದ ಇನ್ನೂ ಅವರ ಬಾಯಲ್ಲಿ ಬಂದಿಲ್ಲ. ಬರಲೇಬೇಕು ಅಂತಲೂ ಇಲ್ಲ.

ಕಾಮೆಂಟ್‌ನಲ್ಲಿ ಒಂದು ಕೆಲಸ ಮಾಡಿ: ನಿಮ್ಮೂರಲ್ಲಿ ಒಗರು ಅನ್ನೋದಕ್ಕೆ ಬೇರೆ ಪದ ಇದೆಯಾ? ಯಾವ ಹಣ್ಣು, ಯಾವ ಕಾಯಿ ತಿಂದರೆ ಆ ಪದ ಬಾಯಿಗೆ ಬರುತ್ತೆ? ಎಲ್ಲ ಸೇರಿಸಿ ಪಟ್ಟಿ ಮಾಡ್ತೀನಿ. ಮುಂದಿನ ಸರಣಿ ನೆಬ್ಬಿಯೋಲೊ ಬಗ್ಗೆ. ಅಲ್ಲಿ ಒಗರು ಜೋರಿದೆ, ಪದಗಳು ಬೇಕಾಗುತ್ತವೆ.